ಕೈಯಿಂದ ಓದುವ ಕಥೆಗಳು: ಮೂರು ವಿಡಿಯೋ ಆಟಗಳ ವಿಮರ್ಶೆ

ಗಡಿನಾಡಿನ ನಮ್ಮ ಭಾಗದಲ್ಲಿ ‘ಆಟ’ ಎಂಬ ಮಾತಿಗೆ ಮೊದಲು ಹೊಳೆಯುವ ಅರ್ಥ ಯಕ್ಷಗಾನ ಬಯಲಾಟ, ‘ಕೂಟ’ವೆಂದರೆ ತಾಳಮದ್ದಳೆ. ‘ಇಂದು ರಾತ್ರಿ ದೇವಸ್ಥಾನದ ಗದ್ದೆಯಲ್ಲಿ ಆಟವಿದೆ’ ಎಂದು ಹಿರಿಯರು ಹೇಳಿದರೆ ಅದನ್ನು ಮಕ್ಕಳಾಟವೆಂದು ಕುಂಬಳೆ ಸೀಮೆಯಲ್ಲಿ ಯಾರೂ ತಿಳಿಯುವುದಿಲ್ಲ. ಆದುದರಿಂದ ಇಂದಿನ ತರುಣರು ಕಂಪ್ಯೂಟರಿನ ಮುಂದೆ ಕುಳಿತು ಆಡುವ ಕಥಾಪ್ರಧಾನ ಆಟಗಳನ್ನು ‘ಬರಿಯ ಆಟ’ ಎಂದು ತಳ್ಳಿಹಾಕುವ ಹಕ್ಕು ಬೇರೆಯವರಿಗೆ ಇದ್ದರೂ ಇರಬಹುದು. ಒಂದು ಮಹಾಕಲೆಯನ್ನೇ ಆ ಹೆಸರಿನಿಂದ ಕರೆದುಕೊಂಡು ಬಂದ ನಮಗೆ ಅದು ಸಲ್ಲದು.

ಸಾಹಿತ್ಯ ಸಮ್ಮೇಳನದ ಗೋಷ್ಠಿಗಳಲ್ಲಿ ‘ಮಕ್ಕಳು ಓದುವುದಿಲ್ಲ’ ಎಂಬ ಅಳಲು ತಪ್ಪದೆ ಕೇಳಿಬರುತ್ತದೆ. ಓದದ ಮಕ್ಕಳು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಾರೆಂದು ಪಕ್ಕದಲ್ಲಿ ಕುಳಿತು ನೋಡುವ ಗೋಜಿಗೆ ನಾವು ಹೋದವರಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಸೋದರಳಿಯ ರಜೆಗೆ ಮನೆಗೆ ಬಂದಿದ್ದಾಗ ಆ ಅವಕಾಶ ಒದಗಿತು. ಮೊದಲ ದಿನ ನಾವು ಅವನ ಹಿಂದೆ ಕುರ್ಚಿ ಹಾಕಿಕೊಂಡು ಕನ್ನಡಕ ಸರಿಪಡಿಸಿಕೊಂಡು ನೋಡುತ್ತ ಕುಳಿತೆವು. ಅರ್ಧ ಗಂಟೆಯ ಬಳಿಕ ಅವನು ತಿರುಗಿ, ‘ನೋಡಿದರೆ ಗೊತ್ತಾಗುವುದಿಲ್ಲ ಮಾವ, ನೀವೇ ಹಿಡಿಯಿರಿ’ ಎಂದು ಆಟದ ಹಿಡಿಕೆಯನ್ನು ನಮ್ಮ ಕೈಗೆ ಕೊಟ್ಟನು. ಈ ಲೇಖನದ ವಾದವೆಲ್ಲವೂ ಅವನ ಆ ಒಂದು ಮಾತಿನ ವಿಸ್ತರಣೆ.

ಇಂತಹ ಆಟಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾವು ಒಂದಷ್ಟು ಓದಿ ನೋಡಿದ್ದೇವೆ. ಅವುಗಳಲ್ಲಿ ಬಹುಪಾಲು ಚಿತ್ರಗಳು ಎಷ್ಟು ಸಹಜವಾಗಿವೆ, ಸಂಗೀತ ಹೇಗಿದೆ, ಮುಗಿಸಲು ಎಷ್ಟು ಗಂಟೆ ಬೇಕು, ಕೊಟ್ಟ ಹಣಕ್ಕೆ ಮೋಸವಿಲ್ಲವೆ ಎಂಬ ಲೆಕ್ಕಾಚಾರ. ಉಳಿದವು ಕಥಾಸಾರ. ಮೊದಲನೆಯದು ಅಂಗಡಿಯ ಮಾತು. ಎರಡನೆಯದು ಕಾದಂಬರಿಯ ವಿಮರ್ಶೆಯಿಂದ ಎರವಲು ತಂದದ್ದು. ಆಡುವವನ ಕೈಗೆ ಕೃತಿಯು ಯಾವ ಕೆಲಸವನ್ನು ಕೊಡುತ್ತದೆ, ಆ ಕೆಲಸಕ್ಕೂ ಕಥೆಯ ಅರ್ಥಕ್ಕೂ ಔಚಿತ್ಯವಿದೆಯೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಈ ಪ್ರಕಾರದ ವಿಮರ್ಶೆ ಅಲ್ಲಿಂದಲೇ ಹೊರಡಬೇಕೆಂಬುದು ನಮ್ಮ ಅಭಿಮತ.

ಉದಾಹರಣೆಗೆ ೨೦೧೭ರಲ್ಲಿ ಅಮೆರಿಕದ ಜಯಂಟ್ ಸ್ಪ್ಯಾರೋ ಎಂಬ ಸಂಸ್ಥೆ ಹೊರತಂದ ‘ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್’ ಎಂಬ ಆಟವನ್ನು ನೋಡಬಹುದು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಆಟವೆಂಬ ಗೌರವ ಪಡೆದ ಕೃತಿಯಿದು. ವಾಷಿಂಗ್ಟನ್ ರಾಜ್ಯದ ದ್ವೀಪವೊಂದರಲ್ಲಿರುವ ಪಾಳುಬಿದ್ದ ಮನೆಗೆ ಎಡಿತ್ ಎಂಬ ತರುಣಿ ಹಿಂದಿರುಗುತ್ತಾಳೆ. ಶಾಪಗ್ರಸ್ತವೆಂದು ನಂಬಲಾದ ಆ ಮನೆತನದಲ್ಲಿ ಸತ್ತವರ ಕೋಣೆಗಳನ್ನೆಲ್ಲ ಮುಚ್ಚಿಟ್ಟಿದ್ದಾರೆ. ಒಂದೊಂದೇ ಕೋಣೆಯನ್ನು ಹೊಕ್ಕು, ಅಲ್ಲಿದ್ದವರು ಹೇಗೆ ಸತ್ತರೆಂಬುದನ್ನು ನಾವು ಅವರವರ ದೇಹದೊಳಗಿದ್ದುಕೊಂಡೇ ತಿಳಿಯಬೇಕು. ಎಲ್ಲ ಕೋಣೆಗಳೂ ಸಮನಾಗಿಲ್ಲ. ಕೆಲವು ಕೇವಲ ಚಮತ್ಕಾರ. ಆದರೆ ಎಡಿತಳ ಅಣ್ಣ ಲೂಯಿಸನ ಪ್ರಸಂಗವೊಂದಕ್ಕಾಗಿಯೇ ಈ ಕೃತಿ ಉಳಿಯತಕ್ಕದ್ದು.

ಲೂಯಿಸ್ ಮೀನಿನ ಕಾರ್ಖಾನೆಯ ಕೆಲಸಗಾರ. ಮೀನು ಒಂದೊಂದಾಗಿ ಬಂದು ಬೀಳುತ್ತದೆ. ಬಲಗೈಯಿಂದ ಅದನ್ನು ಹಿಡಿದು, ಕತ್ತಿಯ ಕೆಳಗೆ ಒಯ್ದು, ತಲೆ ತುಂಡಾದ ಮೇಲೆ ಸಾಗುವ ಪಟ್ಟಿಯ ಮೇಲೆ ಎಸೆಯಬೇಕು. ಆಡುವವರ ಬಲಗೈ ಇದನ್ನೇ ಮಾಡುತ್ತಿರಬೇಕು: ಹಿಡಿ, ಸರಿಸು, ಎಸೆ. ಸ್ವಲ್ಪ ಹೊತ್ತಿಗೆ ತೆರೆಯ ಮೂಲೆಯಲ್ಲಿ ಅವನ ಹಗಲುಗನಸು ಮೂಡುತ್ತದೆ. ಅದರಲ್ಲಿ ಚಿಕ್ಕದೊಂದು ಆಕೃತಿಯನ್ನು ಎಡಗೈಯಿಂದ ನಡೆಸಬೇಕು. ಕನಸು ಕ್ರಮೇಣ ದೊಡ್ಡದಾಗುತ್ತದೆ. ಬಣ್ಣ ಬರುತ್ತದೆ, ನಗರಗಳು ಬರುತ್ತವೆ, ಜಯಘೋಷ ಬರುತ್ತದೆ. ಕಡೆಗೆ ಇಡೀ ತೆರೆಯನ್ನೇ ಆವರಿಸುತ್ತದೆ. ಆಗಲೂ ಬಲಗೈ ಮೀನು ಕತ್ತರಿಸುತ್ತಲೇ ಇರುತ್ತದೆ. ಹತ್ತು ನಿಮಿಷಗಳ ಹಿಂದೆ ಎಚ್ಚರದಿಂದ ಮಾಡುತ್ತಿದ್ದುದನ್ನು ಈಗ ನೋಡದೆಯೇ ಮಾಡುತ್ತಿದ್ದೇವೆಂಬುದು ಥಟ್ಟನೆ ಅರಿವಿಗೆ ಬಂದಾಗ ನಮಗೆ ಮೈ ಜುಮ್ಮೆಂದಿತು. ದುಡಿಮೆಯ ಯಾಂತ್ರಿಕತೆಯಲ್ಲಿ ಮನಸ್ಸು ದೇಹವನ್ನು ಬಿಟ್ಟು ಹೊರಟುಹೋಗುವ ಪರಿಯನ್ನು ಕುರಿತು ಕನ್ನಡದಲ್ಲಿ ಸೊಗಸಾದ ಕಥೆಗಳಿವೆ. ಆದರೆ ಓದುಗನ ಎರಡು ಕೈಗಳನ್ನು ಎರಡು ಲೋಕಗಳಿಗೆ ಹಂಚಿ ಆ ಬಿರುಕನ್ನು ಅವನಲ್ಲೇ ಉಂಟುಮಾಡುವುದು ಮುದ್ರಿತ ಪುಟಕ್ಕೆ ಅಸಾಧ್ಯ. ಆ ಕನಸಿನ ಕೊನೆಯಲ್ಲಿ ಕಿರೀಟಧಾರಣೆಗಾಗಿ ಲೂಯಿಸ್ ತಲೆ ಬಾಗಿಸುತ್ತಾನೆ. ಕತ್ತಿ ಎಲ್ಲಿತ್ತೆಂಬುದನ್ನು ಓದುಗರು ಬಲ್ಲರು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಈ ಆಟದಲ್ಲಿ ಆಡುವವನು ಏನನ್ನೂ ಬದಲಿಸಲಾರ, ಲೂಯಿಸನನ್ನು ಉಳಿಸಲಾರ. ಹಾಗಿದ್ದರೆ ಇದು ಆಟ ಹೇಗಾದೀತು, ನಡೆಯುತ್ತ ನೋಡುವ ಸಿನಿಮಾ ಎನ್ನಬಾರದೇಕೆ ಎಂದು ಕೇಳುವವರಿದ್ದಾರೆ. ತಾಳಮದ್ದಳೆಯನ್ನು ಬಲ್ಲವರಿಗೆ ಈ ಪ್ರಶ್ನೆ ಅಷ್ಟು ತೊಡಕಿನದೆನಿಸದು. ವಾಲಿವಧೆಯ ಕೂಟದಲ್ಲಿ ವಾಲಿ ಸಾಯಲೇಬೇಕು. ಪ್ರಸಂಗದ ಪದ್ಯವನ್ನು ಭಾಗವತರೂ ತಿದ್ದಲಾರರು. ಆದರೆ ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಯಾವ ಮಾತಿನಿಂದ ಎದುರಿಸುತ್ತಾನೆ, ಸೋತು ಸಾಯುತ್ತಾನೋ ಗೆದ್ದು ಸಾಯುತ್ತಾನೋ ಎಂಬುದು ಆ ರಾತ್ರಿಯ ಅರ್ಥಧಾರಿಯ ಕೈಯಲ್ಲಿದೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ ಅರ್ಥಗಾರಿಕೆಯನ್ನು ಕೇಳಲು ಜನ ಮೈಲಿಗಟ್ಟಲೆ ನಡೆದು ಬರುತ್ತಿದ್ದುದು ಕಥೆಯ ಕೊನೆ ತಿಳಿಯದ ಕಾರಣಕ್ಕಲ್ಲ. ಕೊನೆ ಕಟ್ಟಿಹಾಕಲ್ಪಟ್ಟಿದ್ದರೂ ನಡುವಿನ ಅನುಭವ ನಮ್ಮದಾಗಲು ಸಾಧ್ಯ. ಹೋಲಿಕೆಯನ್ನು ತೀರ ಎಳೆಯಬಾರದು, ನಿಜ. ಅರ್ಥಧಾರಿ ಹೊಸ ಮಾತನ್ನು ಹುಟ್ಟಿಸುತ್ತಾನೆ, ಮೀನು ಕತ್ತರಿಸುವವನು ಹುಟ್ಟಿಸುವುದಿಲ್ಲ. ಆದರೂ ‘ಆಯ್ಕೆಯಿಲ್ಲದಿದ್ದರೆ ಆಟವಲ್ಲ’ ಎಂಬ ಸೂತ್ರ ಎಷ್ಟು ತೆಳುವಾದುದೆಂದು ತಿಳಿಯಲು ಇಷ್ಟು ಸಾಕು.

ಆಯ್ಕೆಯಿರುವ ಆಟಗಳಲ್ಲಿ ನಮ್ಮನ್ನು ಬಹಳ ಕಾಡಿದ್ದು ‘ಪೇಪರ್ಸ್, ಪ್ಲೀಸ್’. ಲೂಕಸ್ ಪೋಪ್ ಎಂಬಾತ ಬಹುತೇಕ ಒಬ್ಬನೇ ರಚಿಸಿ ೨೦೧೩ರಲ್ಲಿ ಪ್ರಕಟಿಸಿದ ಕೃತಿ. ಆರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶ, ಕಾಲ ೧೯೮೨. ಲಾಟರಿ ಎತ್ತಿ ಕೊಟ್ಟ ಸರಕಾರಿ ಕೆಲಸ ನಮ್ಮದು: ಗಡಿಯ ಠಾಣೆಯ ಗೂಡಿನಲ್ಲಿ ಕುಳಿತು, ಸಾಲಿನಲ್ಲಿ ಬಂದವರ ಪಾಸ್‌ಪೋರ್ಟ್ ಪರೀಕ್ಷಿಸಿ, ಹಸಿರು ಮೊಹರನ್ನೋ ಕೆಂಪು ಮೊಹರನ್ನೋ ಒತ್ತುವುದು. ಸರಿಯಾಗಿ ತೀರ್ಮಾನಿಸಿದ ಒಬ್ಬೊಬ್ಬರಿಗೆ ಐದು ನಾಣ್ಯ ಸಂಬಳ. ದಿನದಲ್ಲಿ ಎರಡು ತಪ್ಪಿಗೆ ಎಚ್ಚರಿಕೆ; ಮೂರನೆಯದರಿಂದ ದಂಡ. ಸಂಜೆ ಆ ಹಣದಲ್ಲಿ ಬಾಡಿಗೆ, ಊಟ, ಚಳಿಗೆ ಬೆಂಕಿ ಎಲ್ಲವೂ ಆಗಬೇಕು; ಹೆಂಡತಿ, ಮಗ, ಅತ್ತೆ, ಮಾವ ಮನೆಯಲ್ಲಿದ್ದಾರೆ. ನಿಯಮಗಳು ದಿನದಿನಕ್ಕೂ ಹೆಚ್ಚುತ್ತವೆ, ಮೇಜು ಮಾತ್ರ ಹಿಗ್ಗುವುದಿಲ್ಲ. ಕಾಗದದ ಮೇಲೆ ಕಾಗದ ಬಿದ್ದು, ಬೇಕಾದದ್ದು ಕೈಗೆ ಸಿಗುವುದಿಲ್ಲ. ಚಿತ್ರಗಳು ಒರಟು, ಬಣ್ಣ ಮಂಕು. ತಲೆಗೆ ಯಂತ್ರ ಧರಿಸಿ ಮೂರು ಆಯಾಮದ ಲೋಕದಲ್ಲಿ ಮುಳುಗಿದರೆ ಮಾತ್ರ ತನ್ಮಯತೆಯೆಂದು ಸಾರುವವರು ಈ ಮಂಕು ಮೇಜಿನ ಮುಂದೆ ಒಂದು ಗಂಟೆ ಕುಳಿತು ನೋಡಬೇಕು.

ಐದನೆಯ ದಿನ ಒಬ್ಬ ಗಂಡಸು ಬರುತ್ತಾನೆ. ಅವನ ಕಾಗದಗಳೆಲ್ಲ ಸರಿಯಾಗಿವೆ. ಒಳಗೆ ಹೋಗುವಾಗ, ಹಿಂದೆಯೇ ನನ್ನ ಹೆಂಡತಿ ಬರುತ್ತಿದ್ದಾಳೆ, ಅವಳಲ್ಲಿ ಕರುಣೆಯಿರಲಿ ಎಂದು ಬೇಡಿಕೊಳ್ಳುತ್ತಾನೆ. ಆಕೆಯ ಬಳಿ ಪ್ರವೇಶಪತ್ರವಿಲ್ಲ. ಹಿಂದಕ್ಕೆ ಕಳುಹಿಸಿದರೆ ಕೊಂದುಬಿಡುತ್ತಾರೆಂದು ಅವಳು ಹೇಳುತ್ತಾಳೆ. ಆ ಹೊತ್ತಿಗೆ ನಮ್ಮ ಎರಡು ತಪ್ಪುಗಳು ಮುಗಿದಿದ್ದವು. ನಾವು ಕೆಂಪು ಮೊಹರನ್ನು ಒತ್ತಿದೆವು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬರೆಯದಿದ್ದರೆ ವಿಮರ್ಶೆ ಅಪೂರ್ಣ. ೧೯೫೬ರ ನವೆಂಬರ್ ಒಂದರಿಂದ ಗಡಿಯೆಂಬುದನ್ನು ನಾವು ಸಾಲಿನಲ್ಲಿ ನಿಂತವರ ಕಡೆಯಿಂದಲೇ ಬಲ್ಲವರು. ೨೦೨೦ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣವಾಗಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ಈ ಜಿಲ್ಲೆಯ ರೋಗಿಗಳ ಪಾಡು ಏನಾಯಿತೆಂಬುದು ಈ ಸಂಚಿಕೆಯ ಓದುಗರಿಗೆ ಹೇಳಬೇಕಾದುದಲ್ಲ. ಗಡಿಯ ಕುರಿತು ಕಥೆ ಬರೆದಿದ್ದರೆ ನಾವು ತಡೆಯಲ್ಪಟ್ಟವರ ಪಕ್ಕದಲ್ಲಿ ನಿಂತು ಬರೆಯುತ್ತಿದ್ದೆವು; ಓದುಗರೂ ಅಲ್ಲಿಯೇ ನಿಂತು ಕಣ್ಣೀರು ಹಾಕುತ್ತಿದ್ದರು. ಪೋಪ್ ನಮ್ಮನ್ನು ಗೂಡಿನೊಳಗೆ ಕೂರಿಸಿದನು. ಅಲ್ಲಿ ಕ್ರೌರ್ಯ ನಮಗೆ ಕ್ರೌರ್ಯವಾಗಿ ಕಾಣಿಸಲಿಲ್ಲ. ಕೆಲಸದ ಅವಸರವಾಗಿ ಕಾಣಿಸಿತು. ಆಕೆಯ ಮುಖಕ್ಕಿಂತ ಮೊದಲು ನಾವು ಗಡಿಯಾರವನ್ನು ನೋಡಿದೆವು.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಒಂದು ಹೆಸರಿದೆ. ರಸಾನುಭವಕ್ಕೆ ಏಳು ವಿಘ್ನಗಳನ್ನು ಎಣಿಸುವ ಅಭಿನವಗುಪ್ತನು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಅವುಗಳಲ್ಲಿ ಒಂದಾಗಿ ಹೇಳುತ್ತಾನೆ. ತನ್ನ ಲಾಭನಷ್ಟವನ್ನು ಬಾಗಿಲಲ್ಲಿ ಬಿಟ್ಟು ಬಂದವನಿಗೆ ಮಾತ್ರ ನಾಟಕ ದಕ್ಕುತ್ತದೆ. ವಿಡಿಯೋ ಆಟದಲ್ಲಾದರೋ ಆಡುವವನಿಗೆ ಅಂಕದ ಚಿಂತೆ, ನಾಣ್ಯದ ಚಿಂತೆ. ಎಂದರೆ ವಿಘ್ನವನ್ನು ಹೊತ್ತುಕೊಂಡೇ ಒಳಗೆ ಬರುತ್ತಾನೆ. ಈ ಕಾರಣಕ್ಕಾಗಿ ಇಂತಹ ಆಟಗಳಲ್ಲಿ ರಸವೇ ಅಸಾಧ್ಯವೆಂದು ವಾದಿಸುವ ಪಂಡಿತರೊಬ್ಬರು ನಮ್ಮ ಗೆಳೆಯರಲ್ಲಿದ್ದಾರೆ. ಬಹುಪಾಲು ಆಟಗಳ ಮಟ್ಟಿಗೆ ಅವರ ಮಾತು ಸರಿ. ಆದರೆ ‘ಪೇಪರ್ಸ್, ಪ್ಲೀಸ್’ ಆ ವಿಘ್ನವನ್ನೇ ತನ್ನ ವಸ್ತುವನ್ನಾಗಿ ಮಾಡಿಕೊಂಡಿದೆ. ನಮ್ಮ ಐದು ನಾಣ್ಯಗಳ ಆಸೆ ಆಕೆಯ ಮತ್ತು ನಮ್ಮ ನಡುವೆ ಹೇಗೆ ಗೋಡೆಯಾಯಿತೆಂಬುದೇ ಅಲ್ಲಿಯ ಕಥೆ. ಕರುಣ ರಸ ಹುಟ್ಟಿದ್ದು ಆಟ ಮುಚ್ಚಿದ ಮೇಲೆ, ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಸ್ಥಳವೆಲ್ಲಿದೆಯೆಂದು ಆ ಗೆಳೆಯರೇ ಹೇಳಬೇಕು.

ಮೂರನೆಯ ಕೃತಿ ನಮಗೆ ಇನ್ನೂ ಹತ್ತಿರದ್ದು. ಹಾಗಾಗಿಯೇ ಅದರ ಮೇಲೆ ನಮ್ಮ ತಕರಾರೂ ಹೆಚ್ಚು. ಕೆನಡಾದ ಟೊರಾಂಟೊ ನಗರದ ವಿಸೈ ಗೇಮ್ಸ್ ೨೦೨೩ರಲ್ಲಿ ಹೊರತಂದ ‘ವೆಣ್ಬಾ’ ಒಂದು ತಮಿಳು ಕುಟುಂಬದ ಕಥೆ. ಮರುವರ್ಷ ಅದು ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಮುಖ್ಯ ಪ್ರಶಸ್ತಿಯನ್ನೂ, ಚೊಚ್ಚಲ ಕೃತಿಗೆ ಸಲ್ಲುವ ಬಾಫ್ಟಾವನ್ನೂ ಪಡೆಯಿತು. ಹತ್ತು ವರ್ಷಗಳ ಹಿಂದೆ, ೨೦೧೪ರಲ್ಲಿ, ಅದೇ ಉತ್ಸವದ ಅದೇ ಪ್ರಶಸ್ತಿ ‘ಪೇಪರ್ಸ್, ಪ್ಲೀಸ್’ಗೆ ಸಂದಿತ್ತು.

ಕಥಾನಾಯಕಿಯ ಹೆಸರೇ ವೆಣ್ಬಾ. ಅದು ತಮಿಳಿನ ಪ್ರಾಚೀನ ಛಂದಸ್ಸೊಂದರ ಹೆಸರು. ನಮ್ಮಲ್ಲಿ ಮಗಳಿಗೆ ರಗಳೆಯೆಂದೋ ಷಟ್ಪದಿಯೆಂದೋ ಹೆಸರಿಟ್ಟಂತೆ. (ರಗಳೆಯೆಂದು ಹೆಸರಿಟ್ಟರೆ ಮಗು ದೊಡ್ಡದಾದ ಮೇಲೆ ಕ್ಷಮಿಸದು, ಆ ಮಾತು ಬೇರೆ.) ೧೯೮೮ರಲ್ಲಿ ಕಥೆ ಆರಂಭವಾಗುತ್ತದೆ. ವೆಣ್ಬಾ ಮತ್ತು ಪಾವಲನ್ ಕೆನಡಾಕ್ಕೆ ಬಂದು ನೆಲೆಯೂರಲು ಹೆಣಗುತ್ತಿದ್ದಾರೆ. ಹಿಂದಿರುಗಿ ಹೋಗೋಣವೆ ಎಂಬ ಮಾತು ನಡೆದಿರುವಾಗಲೇ ಅವಳು ಗರ್ಭಿಣಿಯೆಂದು ತಿಳಿಯುತ್ತದೆ. ಮಗ ಕವಿನ್ ಹುಟ್ಟಿ ಬೆಳೆದು ತಾಯಿಯ ನುಡಿಯಿಂದ ದೂರವಾಗುತ್ತ ಹೋಗುವುದೇ ಉಳಿದ ಕಥೆ. ತಾಯಿ ತಮಿಳಿನಲ್ಲಿ ಕೇಳಿದ್ದಕ್ಕೆ ಮಗ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಅಂತಹ ಊಟದ ಮೇಜಿಗೆ ನಾವು ಕೆನಡಾದವರೆಗೆ ಹೋಗಬೇಕಾಗಿಲ್ಲ.

ಕೈಗೆ ಕೊಟ್ಟ ಕೆಲಸ ಅಡುಗೆ. ವೆಣ್ಬಾಳ ತಾಯಿ ಕೊಟ್ಟ ಅಡುಗೆ ಪುಸ್ತಕ ಹರಿದು ಮಾಸಿದೆ, ಅಕ್ಷರಗಳು ಅಳಿಸಿವೆ. ಉಳಿದ ಸುಳಿವುಗಳಿಂದ, ನೆನಪಿನಿಂದ, ಊಹೆಯಿಂದ ಆ ಖಾಲಿಗಳನ್ನು ತುಂಬಿಕೊಳ್ಳಬೇಕು. ಇಡ್ಲಿಯ ತಟ್ಟೆಗಳನ್ನು ಯಾವ ಕ್ರಮದಲ್ಲಿ ಒಂದರ ಮೇಲೊಂದು ಇಡಬೇಕು, ಪುಟ್ಟಿನ ಕೊಳವೆಗೆ ಹಿಟ್ಟನ್ನೂ ತೆಂಗಿನ ತುರಿಯನ್ನೂ ಹೇಗೆ ಸರದಿಯಲ್ಲಿ ತುಂಬಬೇಕು ಎಂಬಂತಹ ಸಮಸ್ಯೆಗಳು. ಪುಟ್ಟಿನ ವಿಚಾರದಲ್ಲಿ ಕಾಸರಗೋಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಅಧ್ಯಾಯವನ್ನು ನಾವು ಒಂದೇ ಯತ್ನಕ್ಕೆ ಮುಗಿಸಿ ಅಳಿಯನ ಮುಂದೆ ಮೀಸೆ ತಿರುವಿದೆವು. ಹೀಗೆ ನೆನಪಿನ ಹರಿದ ಪುಟವನ್ನು ಕೈಯ ಅನುಭವದಿಂದ ತುಂಬುವ ಕಲ್ಪನೆ ಮೂಲದಲ್ಲಿ ಅತ್ಯಂತ ಸುಂದರವಾದುದು. ನಮ್ಮ ಅಜ್ಜಿಯಂದಿರು ಅಳತೆ ಬರೆದಿಟ್ಟವರಲ್ಲ. ‘ಕೈಗೆ ಗೊತ್ತಾಗುತ್ತದೆ’ ಎಂದವರು. ಅಡುಗೆಯೂ ಮಾತೃಭಾಷೆಯೂ ಬಳಿಯಲ್ಲಿದ್ದುಕೊಂಡೇ ಕಲಿಯತಕ್ಕವು ಎಂಬುದನ್ನು ಈ ಆಟ ಒಂದು ವಾಕ್ಯವನ್ನೂ ಉಪದೇಶಿಸದೆ ತಿಳಿಸುತ್ತದೆ.

ಮುಂದೆ ಮಗ ಮನೆಗೆ ಬರುತ್ತಾನೆಂದು ವೆಣ್ಬಾ ಬಗೆಬಗೆಯ ಅಡುಗೆ ಮಾಡುವ ಅಧ್ಯಾಯವಿದೆ. ಒಂದಾದ ಮೇಲೊಂದು ಪಾತ್ರೆ, ಕೈಗೆ ಬಿಡುವಿಲ್ಲ. ಮಗ ಬರುವುದಿಲ್ಲ. ಮಾಡಿದ ಅಡುಗೆಯೆಲ್ಲ ನಮ್ಮ ಕೈಯಲ್ಲೇ ಆದದ್ದಾದ್ದರಿಂದ ಆ ಆರಿದ ಊಟವೂ ನಮ್ಮದೇ ಆಗುತ್ತದೆ. ಕೃತಿಯಲ್ಲಿ ಕೈಯ ಕೆಲಸ ಮತ್ತು ಕಥೆಯ ಅರ್ಥ ಎರಡೂ ಪೂರ್ತಿಯಾಗಿ ಒಂದಾದ ಜಾಗವಿದು.

ತಕರಾರು ಇಲ್ಲಿಂದ ಆರಂಭ. ಮೊದಲನೆಯದಾಗಿ, ಆಟ ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ. ಅಧ್ಯಾಯದಿಂದ ಅಧ್ಯಾಯಕ್ಕೆ ವರ್ಷಗಳು ಹಾರುತ್ತವೆ. ಮಗನ ನಾಲಗೆಯಿಂದ ತಮಿಳು ಜಾರಿದ್ದು ಆ ಹಾರಿಹೋದ ವರ್ಷಗಳಲ್ಲಿ. ನುಡಿಯು ಒಂದು ದಿನದಲ್ಲಿ ಹೋಗುವುದಿಲ್ಲ. ಸಾವಿರ ಸಣ್ಣ ಸಂಜೆಗಳಲ್ಲಿ, ‘ಇರಲಿ, ಅವನಿಗೆ ಹೇಗೆ ಸುಲಭವೋ ಹಾಗೆ ಮಾತಾಡಲಿ’ ಎಂದು ತಾಯಿತಂದೆಗಳು ದಣಿದು ಬಿಟ್ಟುಕೊಟ್ಟ ಕ್ಷಣಗಳಲ್ಲಿ ಹೋಗುತ್ತದೆ. ಆ ಬಿಟ್ಟುಕೊಡುವ ಕೆಲಸವನ್ನು ಆಟ ನಮ್ಮ ಕೈಗೆ ಕೊಡಲಿಲ್ಲ. ಪೋಪ್ ಆಗಿದ್ದರೆ ಕೊಡುತ್ತಿದ್ದನು.

ಎರಡನೆಯದು ಇನ್ನೂ ಗಂಭೀರವಾದುದು. ಬೆಳೆದು ದೊಡ್ಡವನಾದ ಕವಿನ್ ತಾಯಿಯ ಪುಸ್ತಕವನ್ನು ಹಿಡಿದು ತಾನೇ ಒಲೆಯ ಮುಂದೆ ನಿಲ್ಲುವ ಅಧ್ಯಾಯ ಬರುತ್ತದೆ. ಇಷ್ಟು ಹೊತ್ತು ತಾಯಿಯದಾಗಿದ್ದ ಕೈ ಈಗ ಮಗನದಾಗುತ್ತದೆ. ಪುಸ್ತಕ ತಮಿಳಿನಲ್ಲಿದೆ, ಅವನಿಗೆ ತಮಿಳನ್ನು ಸರಾಗವಾಗಿ ಓದಲು ಬಾರದು. ಪುಟ ಹರಿದಿದೆಯೆಂಬುದು ತಾಯಿಯ ಸಮಸ್ಯೆಯಾಗಿತ್ತು. ಪುಟ ಗಟ್ಟಿಯಾಗಿದ್ದರೂ ಕಣ್ಣಿಗೆ ದಕ್ಕದು ಎಂಬುದು ಮಗನ ಸಮಸ್ಯೆ. ಒಂದೇ ಪುಸ್ತಕದ ಮೇಲೆ ಎರಡು ತಲೆಮಾರುಗಳ ನಷ್ಟವನ್ನು ಹೀಗೆ ತೋರಿಸಿದ ಪ್ರತಿಭೆಗೆ ನಾವು ತಲೆಬಾಗುತ್ತೇವೆ. ಆದರೆ ಈ ಆಟದಲ್ಲಿ ತಪ್ಪಿಗೆ ಬೆಲೆಯಿಲ್ಲ. ಅಡುಗೆ ಕೆಟ್ಟರೆ ಮತ್ತೆ ಮೊದಲಿನಿಂದ. ಅಕ್ಕಿ ಮುಗಿಯುವುದಿಲ್ಲ, ಹೊತ್ತು ಸರಿಯುವುದಿಲ್ಲ, ಯಾರ ಮುಖವೂ ಬಾಡುವುದಿಲ್ಲ. ತಾಯಿಯ ಅಧ್ಯಾಯಗಳಲ್ಲಿ ಅದು ಸಹ್ಯ. ಅಡುಗೆಮನೆಯಲ್ಲಿ ಎರಡನೆಯ ಯತ್ನ ಸಹಜವೇ. ಮಗನ ಅಧ್ಯಾಯದಲ್ಲಿ ಅದು ಕೃತಿಯ ಬುಡವನ್ನೇ ಅಲುಗಿಸುತ್ತದೆ.

ಅದು ನಮಗೆ ತಿಳಿದದ್ದು ಅಳಿಯನಿಂದ. ಅವನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು. ಮಲಯಾಳವನ್ನು ಶಾಲೆಯಲ್ಲಿ ಕಲಿತವನು. ಕನ್ನಡ ಚೆನ್ನಾಗಿ ಮಾತಾಡುತ್ತಾನೆ. ಓದಲು ಕೊಟ್ಟರೆ ಬಸ್ಸಿನ ಫಲಕಕ್ಕಿಂತ ಉದ್ದವಾದುದರ ಮುಂದೆ ತಡವರಿಸುತ್ತಾನೆ. ನಮ್ಮ ಅಕ್ಕ, ಎಂದರೆ ಅವನ ತಾಯಿ, ಉಪ್ಪಿನಕಾಯಿ, ಹಪ್ಪಳ, ಬಾಣಂತಿ ಲೇಹ್ಯಗಳ ಕ್ರಮವನ್ನೆಲ್ಲ ದಪ್ಪದೊಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾಳೆ. ಕವಿನ್ ತಾಯಿಯ ಪುಸ್ತಕವನ್ನು ತೆರೆದಾಗ ಅಳಿಯ ಸುಮ್ಮನಾದನು. ನಾವೂ ಸುಮ್ಮನಿದ್ದೆವು. ಬಳಿಕ ಅವನು ಈ ಪಾತ್ರೆಯನ್ನು ಅಲ್ಲಿಟ್ಟು, ಆ ಪಾತ್ರೆಯನ್ನು ಇಲ್ಲಿಟ್ಟು, ಒಂದು ಸಲ ತಪ್ಪಿ, ಇನ್ನೊಂದು ಸಲ ಸರಿಪಡಿಸಿ, ಆ ಲಿಪಿಯ ಒಂದಕ್ಷರವನ್ನೂ ಗುರುತಿಸದೆ ಅಡುಗೆ ಮುಗಿಸಿದನು.

‘ಓದಲು ಬಾರದಿದ್ದರೂ ಆಯಿತಲ್ಲ ಮಾವ’ ಎಂದನು.

ಗೆದ್ದ ಹಿಗ್ಗಿನಿಂದ ಅಂದ ಮಾತಲ್ಲ ಅದು. ಸ್ವಲ್ಪ ಅನುಮಾನದಿಂದ ಅಂದದ್ದು. ‘ವೆಣ್ಬಾ’ ಕುರಿತು ನಾವು ಮೂರು ಪುಟಗಳಲ್ಲಿ ಹೇಳಹೊರಟದ್ದು ಅಷ್ಟರಲ್ಲೇ ಇದೆ. ಓದಲಾಗದ ಮಗ ಸೋಲಬೇಕಾದ ಜಾಗದಲ್ಲಿ ಆಟ ಅವನನ್ನು ಕೈಹಿಡಿದು ದಾಟಿಸಿತು. ಕವಿನ್ ಕಡೆಗೆ ಭಾರತಕ್ಕೆ ಹಿಂದಿರುಗಿದ ತಾಯಿಯನ್ನು ನೋಡಲು ಬರುತ್ತಾನೆ. ತಾಯಿಮಗನ ಆ ಭೇಟಿ ಹಿತವಾಗಿದೆ, ನಮ್ಮ ಕಣ್ಣೂ ಒದ್ದೆಯಾಯಿತು. ಆದರೆ ಅಷ್ಟು ಹಿತವಾಗಿ ಸೇರಲು ಕವಿನ್ ಯಾವ ಬೆಲೆಯನ್ನು ತೆತ್ತನೆಂದು ಕೈಯನ್ನು ಕೇಳಿದರೆ ಅದಕ್ಕೆ ಉತ್ತರವಿಲ್ಲ.

ಈ ಮೂರನ್ನೂ ಆಡಿನೋಡಬಯಸುವವರಿಗೆ ಒಂದೆರಡು ಮಾತು. ‘ಪೇಪರ್ಸ್, ಪ್ಲೀಸ್’ಗೆ ದೊಡ್ಡ ಯಂತ್ರ ಬೇಕಾಗಿಲ್ಲ, ಹಳೆಯ ಕಂಪ್ಯೂಟರ್ ಸಾಕು, ಆದರೆ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬೇಗ ಬೇಗ ಓದಬೇಕಾಗುವುದರಿಂದ ಹಿರಿಯರಿಗೆ ತುಸು ತ್ರಾಸ. ‘ಎಡಿತ್ ಫಿಂಚ್’ ಎರಡು ಮೂರು ಗಂಟೆಗಳಲ್ಲಿ ಮುಗಿಯುತ್ತದೆ. ಅದರಲ್ಲಿ ಮಕ್ಕಳ ಸಾವಿದೆ, ಲೂಯಿಸನ ಆತ್ಮಹತ್ಯೆಯಿದೆ, ಆದುದರಿಂದ ಕಿರಿಯರ ಕೈಗೆ ಕೊಡತಕ್ಕದ್ದಲ್ಲ. ‘ವೆಣ್ಬಾ’ವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಆಡಬಹುದು. ಅಕ್ಕ ಅಡುಗೆಮನೆಯಿಂದ ಬಂದು ಹಿಂದೆ ನಿಂತು ನೋಡಿದವಳು, ಆ ಇಡ್ಲಿಗೆ ಹಿಟ್ಟು ಸಾಕಷ್ಟು ಹುಳಿ ಬಂದಿಲ್ಲವೆಂದು ಹೇಳಿ ಹೋದಳು.